ಹಾವು ಹಿಡಿದ ಕೂಸು

ಸಂಜೆ ಆರೂಮುಕ್ಕಾಲಿಗೆ ಶುರು. ಹಿಂದಿನ ಬೀದಿಯ ದೇವಸ್ಥಾನದಲ್ಲಿ ಮಂಗಳಾರತಿಯ ಗಂಟೆ ನಿಲ್ಲುವುದಕ್ಕೂ ನಮ್ಮ ಪಾಪು ರಾಗ ಎಳೆಯುವುದಕ್ಕೂ ಸರಿಹೋಗುತ್ತಿತ್ತು. ಮೊದಲು ಮೂಗಿನಲ್ಲೇ ಒಂದು ಕುಂಯ್. ಆಮೇಲೆ ಮುಷ್ಟಿ ಬಿಗಿದು, ಮೊಣಕಾಲನ್ನು ಹೊಟ್ಟೆಗೆ ಸೆಳೆದುಕೊಂಡು, ಮುಖವೆಲ್ಲ ಟೊಮೆಟೊ ಆಗುವ ಹಾಗೆ ಒಂದು ಚೀತ್ಕಾರ. ಒಂಬತ್ತೂವರೆಯವರೆಗೆ ಮನೆಯಲ್ಲಿ ಯಾರ ಮಾತೂ ಯಾರಿಗೂ ಕೇಳದು. ಎಲ್‌ಕೆಜಿಯ ಮಗಳು ಎರಡು ಕಿವಿಗೂ ಬೆರಳು ತುರುಕಿಕೊಂಡು, ಕ್ರೆಯಾನ್ ಹಿಡಿಯಲು ಕೈಯೇ ಉಳಿಯದೆ, ಹೋಂವರ್ಕ್ ಆಗಲಿಲ್ಲವೆಂದು ತಾನೂ ದನಿ ಸೇರಿಸುತ್ತಿದ್ದಳು.

ನಲವತ್ತು ದಿನದ ಕೂಸು ಏಕೆ ಅಳುತ್ತದೆ ಎನ್ನುವುದಕ್ಕೆ ಮನೆಯಲ್ಲಿ ಮೂರು ಪಕ್ಷ. ಅತ್ತೆಯ ಪ್ರಕಾರ ದೃಷ್ಟಿ, ಜೊತೆಗೆ ವಾಯು. ಅಮ್ಮನ ಪ್ರಕಾರ ಬರೀ ವಾಯು, ಅದೂ ನಾನು ಬಾಣಂತಿಯಾಗಿದ್ದೂ ಕದ್ದು ತಿಂದ ಆಲೂಗಡ್ಡೆ ಪಲ್ಯದ್ದು. ಇವರಿಗೆ ಸ್ವಂತ ಅಭಿಪ್ರಾಯವಿರಲಿಲ್ಲ, ಮೊಬೈಲ್ ಇತ್ತು. ಅಡುಗೆಮನೆಯ ಚಿಮಣಿ ಹಾಕಿದರೆ ಆ ಗುಂಯ್ ಸದ್ದಿಗೆ ಮಗು ಸುಮ್ಮನಾಗುತ್ತದೆ ಎಂದು ಒಂದು ದಿನ ಅವರೇ ಕಂಡುಹಿಡಿದರು. ಅಂದಿನಿಂದ ಸಂಜೆಯಾದರೆ ಮೂವರು ದೊಡ್ಡವರು ಏನೂ ಬೇಯದ ಒಲೆಯ ಮುಂದೆ ಸರದಿಯಲ್ಲಿ ಪಾಪುವನ್ನೆತ್ತಿಕೊಂಡು ನಿಲ್ಲುವುದು ರೂಢಿಯಾಯಿತು. ಹತ್ತು ನಿಮಿಷ ತಡೆಯುತ್ತಿತ್ತು. ಹನ್ನೊಂದನೆಯ ನಿಮಿಷಕ್ಕೆ ಚಿಮಣಿಯ ಸದ್ದನ್ನೂ ಮೀರಿಸುತ್ತಿದ್ದ.

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ತೂಕ ನೋಡಿದರು. “ಏನೂ ಇಲ್ಲಮ್ಮ, ಕಾಲಿಕ್. ತಾನೇ ಹೋಗುತ್ತೆ. ಆರು ತಿಂಗಳು ಎದೆಹಾಲು ಬಿಟ್ಟು ಏನೂ ಹಾಕಬೇಡಿ.” ಇದಕ್ಕೊಂದು ಮೂರರ ಲೆಕ್ಕವೂ ಇದೆಯಂತೆ. ದಿನಕ್ಕೆ 3 ಗಂಟೆಗಿಂತ ಹೆಚ್ಚು, ವಾರಕ್ಕೆ 3 ದಿನಕ್ಕಿಂತ ಹೆಚ್ಚು, 3 ವಾರಕ್ಕಿಂತ ಹೆಚ್ಚು ಅತ್ತರೆ ಅದು ಕಾಲಿಕ್. 1954ರಲ್ಲಿ ವೆಸೆಲ್ ಎಂಬ ಅಮೆರಿಕದ ಮಕ್ಕಳ ವೈದ್ಯರು ಕೊಟ್ಟ ಲೆಕ್ಕ. ವಾರಕ್ಕೆ ಮೂರು ದಿನ ಎಂದರೆ ಮಿಕ್ಕ ದಿನ ರಜೆ! ನಮ್ಮವನಿಗೆ ಭಾನುವಾರವೂ ಡ್ಯೂಟಿ.

ಅತ್ತೆ ಬಜೆ ಕೊಂಬು ತೇಯಲು ಸಾಣೆಕಲ್ಲು ತೊಳೆದಿಟ್ಟುಕೊಂಡಿದ್ದರು. ಡಾಕ್ಟರ ಮಾತು ಕೇಳಿ, ತೇಯುವುದು ಬಿಟ್ಟು ಕೊಂಬನ್ನೇ ದಾರದಲ್ಲಿ ಪೋಣಿಸಿ ಪಾಪುವಿನ ಕೈಗೆ ಕಟ್ಟಿದರು. ಅಮ್ಮ ಏನೂ ಮಾತಾಡದೆ ತಿಪಟೂರಿನಿಂದ ತಂದ ಚೀಲಕ್ಕೆ ಕೈಹಾಕಿ, ಟವೆಲ್‌ನಲ್ಲಿ ಸುತ್ತಿದ್ದ ಸೀಸೆಯೊಂದನ್ನು ತೆಗೆದು ಅಡುಗೆಮನೆಯ ಕಟ್ಟೆಯ ಮೇಲೆ ಕುಕ್ಕಿದಳು. ಉಡ್ವರ್ಡ್ಸ್ ಗ್ರೈಪಾಟ್ರು.

ಚಿಕ್ಕವಳಿದ್ದಾಗ ನಾನದನ್ನು ದ್ರಾಕ್ಷಿ ನೀರು ಎಂದುಕೊಂಡಿದ್ದೆ. ಗ್ರೈಪ್ ಎಂದರೆ ಹೊಟ್ಟೆ ನುಲಿತ ಎಂದು ಗೊತ್ತಾಗಲು ಕಾಲೇಜಿಗೆ ಹೋಗಬೇಕಾಯಿತು. ಟೀವಿಯ ಜಾಹೀರಾತಿನಲ್ಲಿ ಮಗು ಅತ್ತರೆ ಅಮ್ಮ, ಅಜ್ಜಿ, ಮುತ್ತಜ್ಜಿಯ ತನಕ ಸುದ್ದಿ ಹೋಗಿ ಎಲ್ಲರೂ ಇದನ್ನೇ ಕುಡಿದು ಬೆಳೆದವರೆಂದು ತಿಳಿಯುತ್ತಿತ್ತು. ಅಷ್ಟು ತಲೆಮಾರು ಆಗಿರುವುದು ಸುಳ್ಳಲ್ಲ. ವಿಲಿಯಂ ವುಡ್‌ವರ್ಡ್ ಎಂಬ ಔಷಧಿ ಅಂಗಡಿಯವನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಇದನ್ನು ಮಾಡಿದ್ದು 1851ರಲ್ಲಿ. ಆ ದೇಶದ ಪೂರ್ವಭಾಗದ ಜೌಗು ಸೀಮೆಯಲ್ಲಿ ಆಗ ಮಲೇರಿಯಾದಂಥ ಜ್ವರ. ಅದಕ್ಕೆ ಕೊಡುತ್ತಿದ್ದ ಔಷಧಿ ಕುಡಿದ ಮಕ್ಕಳ ಹೊಟ್ಟೆಯೂ ತಣ್ಣಗಾಗುವುದನ್ನು ಕಂಡು ಈ ಸೀಸೆ ಹುಟ್ಟಿತು. ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆ, ನೀರು, ಮೇಲೆ ಶೇ. 3.6ರಷ್ಟು ಮದ್ಯಸಾರ. ಬ್ರಿಟನ್ನಿನಲ್ಲಿ ಮದ್ಯಸಾರವನ್ನು ತೆಗೆದದ್ದು 1990ರ ದಶಕದಲ್ಲಿ. ಅಮ್ಮನಿಗೆ ಇದನ್ನು ಓದಿ ಹೇಳಿದರೆ ಬೆಚ್ಚಿಬೀಳುತ್ತಾಳೆ ಎಂದುಕೊಂಡಿದ್ದೆ. ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. “ಅದ್ಕೇ ಆವಾಗಿನ ಮಕ್ಳು ಗಪ್‌ಚುಪ್ ಮಲಗ್ತಿದ್ದೋ!”

ನನಗೆ ಮೋಜೆನಿಸಿದ್ದು ಸಬ್ಬಸಿಗೆ. ಹೆರಿಗೆಯಾದ ಮೇಲೆ ಹಾಲು ಹೆಚ್ಚಲಿ ಎಂದು ಇಬ್ಬರೂ ಬೀಗಿತ್ತಿಯರು ಪೈಪೋಟಿಗೆ ಬಿದ್ದವರಂತೆ ಪಲ್ಯ, ಸಾರು, ಅಕ್ಕಿರೊಟ್ಟಿ ಎಲ್ಲಕ್ಕೂ ಆ ಸೊಪ್ಪನ್ನೇ ಹೆಚ್ಚಿ ಹಾಕಿ ನನ್ನ ಬೆವರೂ ಸಬ್ಬಸಿಗೆ ನಾರುವಂತೆ ಮಾಡಿದ್ದರು. ಇತ್ತ ತಾಯಿಗೂ ಅದೇ, ಅತ್ತ ಸೀಸೆಯಲ್ಲೂ ಅದೇ.

ಮಗಳಿಗೆ ಬೇಕಾದ್ದು ಮಾತ್ರ ಲೇಬಲ್ಲು. ಬರಿಮೈಯ ದುಂಡು ಕೂಸೊಂದು ಹಾವುಗಳ ಕತ್ತು ಹಿಸುಕುತ್ತ ಕೂತಿದೆ. “ಕೃಷ್ಣ,” ಅಂದಳು ಅಮ್ಮ, ಅನುಮಾನವೇ ಇಲ್ಲದೆ.

“ನವಿಲುಗರಿ ಎಲ್ಲಿ ಅಜ್ಜಿ?”

“ಸ್ನಾನಕ್ಕೆ ಹೊರಟವ್ನೆ, ತೆಗೆದಿಟ್ಟವ್ನೆ.”

ನನ್ನ ಬಾಯಿ ಸುಮ್ಮನಿರಬೇಕಲ್ಲ. ಅದು ಕೃಷ್ಣನಲ್ಲ, ಗ್ರೀಕರ ಹರ್ಕ್ಯುಲಿಸ್, ತೊಟ್ಟಿಲಲ್ಲಿದ್ದಾಗ ಮಲತಾಯಿ ಹೇರಾ ಕೊಲ್ಲಲು ಕಳಿಸಿದ ಎರಡು ಹಾವನ್ನು ಹಿಸುಕಿ ಹಾಕಿದವನು, ಹಿಂದಿನಿಂದಲೂ ಇದೇ ಇವರ ಟ್ರೇಡ್‌ಮಾರ್ಕು ಎಂದೆಲ್ಲ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು. “ಕೂಸನ್ನ ಕೊಲ್ಲೋಕೆ ಕಳಿಸಿದ್ಲಾ? ಪೂತನಿ ಥರ. ಮತ್ತೆ ಕೃಷ್ಣ ಅಲ್ದೆ ಇನ್ಯಾರು?” ವಾದ ಅಲ್ಲಿಗೆ ಮುಗಿಯಿತು. ಮಗಳು ಆ ರಾತ್ರಿ ಸೀಸೆಯನ್ನು ದೇವರ ಗೂಡಿನಲ್ಲಿಟ್ಟು ಕೈಮುಗಿದಳು. ನಾನು ಎತ್ತಿ ಅಟ್ಟಣಿಗೆಯ ಮೇಲಿಟ್ಟೆ. ಡಾಕ್ಟರು ಬೇಡವೆಂದರೆ ಬೇಡ. ಮುಚ್ಚಳ ತೆರೆಯಕೂಡದು ಎಂದು ಎಲ್ಲರಿಗೂ ಕಟ್ಟುನಿಟ್ಟು ಮಾಡಿದೆ.

ಕಟ್ಟುನಿಟ್ಟು ಐದು ದಿನ ನಡೆಯಿತು. ಆರನೆಯ ರಾತ್ರಿ ಎರಡು ಗಂಟೆಗೆ, ಪಾಪು ಕಡೆಗೂ ಕಣ್ಣು ಮುಚ್ಚಿದ ಮೇಲೆ, ನನಗೆ ನಿದ್ದೆ ಬರಲಿಲ್ಲ. ಕಿವಿಯೊಳಗೆ ಅಳು ಇನ್ನೂ ನಡೆದೇ ಇತ್ತು. ನೀರು ಕುಡಿಯಲೆಂದು ಹೋದವಳು ಸ್ಟೂಲ್ ಹತ್ತಿದೆ. ಚಮಚೆಗೆ ಬಗ್ಗಿಸಿದೆ. ತಿಳಿಯಾಗಿ, ಎಣ್ಣೆಯ ಪಸೆಯಿದ್ದಂತೆ ಚೂರು ದಪ್ಪಗೆ ಕೂತಿತು. ನಾಲಿಗೆಗೆ ಮುಟ್ಟಿದ್ದೇ ತಡ, ತಿಪಟೂರಿನ ಮನೆಯ ಕೆಂಪು ಗಾರೆಯ ನೆಲ, ಅಮ್ಮನ ಮಡಿಲು, ಗಲ್ಲ ಅದುಮಿ ಹಿಡಿದ ಅವಳ ಎರಡು ಬೆರಳು. ಹೊಟ್ಟೆನೋವೆಂದು ಎಷ್ಟು ಸಲ ಸುಳ್ಳು ಹೇಳಿದ್ದೆನೋ. ಇನ್ನೊಂದು ಚಮಚೆ ಕುಡಿದೆ. ತಿರುಗಿದರೆ ಬಾಗಿಲಲ್ಲಿ ಮಗಳು.

“ನಂಗೂ ಹೊಟ್ಟೆನೋವು,” ಅಂದಳು ಮೆಲ್ಲಗೆ.

ಅರ್ಧ ಚಮಚೆಗೆ ಒಪ್ಪಂದವಾಯಿತು, ಅಜ್ಜಿಗೆ ಹೇಳಬಾರದೆಂಬ ಷರತ್ತಿನ ಮೇಲೆ. ಆಮೇಲೆಯೂ ಒಂದೆರಡು ಬಾರಿ ಆಗಿರಬಹುದು.

ಮೂರು ತಿಂಗಳು ತುಂಬಿದ ಮಾರನೆಯ ವಾರ ಒಂದು ಸಂಜೆ ಮಂಗಳಾರತಿಯ ಗಂಟೆ ನಿಂತಿತು. ಅತ್ತೆ ಪಾಪುವನ್ನು ಎತ್ತಿಕೊಂಡರು, ಇವರು ಹೋಗಿ ಚಿಮಣಿ ಹಾಕಿದರು. ಎಲ್ಲರೂ ಕಾದೆವು. ಪಾಪು ಕೈಯ ಬಜೆ ಸರ ಚೀಪುತ್ತ ಟ್ಯೂಬ್‌ಲೈಟ್ ನೋಡಿಕೊಂಡಿತ್ತು. ಏಳಾಯಿತು, ಏಳೂಕಾಲಾಯಿತು. ಕೂರುವುದೋ ನಿಲ್ಲುವುದೋ ಯಾರಿಗೂ ತೋಚಲಿಲ್ಲ. “ಬಜೆ,” ಅಂದರು ಅತ್ತೆ. “ಚಿಮಣಿ,” ಅಂದರು ಇವರು. ಅಮ್ಮ ಸ್ಟೂಲ್ ಎಳೆದು ಸೀಸೆ ಇಳಿಸಿ ಬೆಳಕಿಗೆ ಹಿಡಿದಳು. ಹಾವಿನ ಹೆಡೆಗಿಂತ ಮೇಲಿದ್ದ ನೀರು ಕೂಸಿನ ಮೊಣಕಾಲಿಗೆ ಇಳಿದಿತ್ತು.

“ನಂಗೊತ್ತಿತ್ತು. ಡಾಕ್ಟ್ರಿಗೆ ಹೆದರಿಕೊಂಡು ಗುಟ್ಟಾಗಿ ಹಾಕಿದೀಯ. ನೋಡು, ಹೆಂಗೆ ನಿಂತೋಯ್ತು!”

ಮಗಳು ಕ್ರೆಯಾನ್ ಕೆಳಗಿಟ್ಟು ನನ್ನ ಮುಖ ನೋಡಿದಳು. ನಾನು ಚಿಮಣಿ ಆರಿಸಲು ಎದ್ದೆ.