ಟಿಟ್ಟಿಭದ ಮರಿ ಮುಂದೆ ಬೋರಲು ಬಿದ್ದಾಗ

ಕೊಕ್ಕರೆ ಬೆಳ್ಳೂರಿಗೆ ಹೋದವರೆಲ್ಲ ಕತ್ತು ಮೇಲೆತ್ತಿಕೊಂಡೇ ಓಡಾಡ್ತಾರೆ. ಮೊದಲ ಎರಡು ಸಲ ನಾನೂ ಹಾಗೇ ಮಾಡಿದೆ. ಮೂರನೇ ಸಲ ನೆಲಕ್ಕೆ ಬೋರಲು ಬಿದ್ದೆ. ಅವತ್ತು ಒಬ್ಬ ಅಜ್ಜಿಯ ಕೈಲಿ ಬೈಸಿಕೊಂಡ ಮೇಲೆ ನಾನು ಫೋಟೊ ತೆಗೆಯುವ ರೀತಿಯೇ ಬದಲಾಯಿತು.

ಕಳೆದ ಏಪ್ರಿಲ್‌ನಲ್ಲಿ ನನ್ನ ಹೆಂಡತಿ ಏಳು ತಿಂಗಳ ಬಸುರಿ. ಸೀಮಂತ ಮುಗಿಸಿಕೊಂಡು ಮದ್ದೂರಿನ ತವರಿಗೆ ಹೋಗಿದ್ದಳು. ವಾರವೆಲ್ಲ ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ಶುಕ್ರವಾರ ರಾತ್ರಿ ರೈಲು ಹತ್ತಿ ಮದ್ದೂರಿಗೆ ಹೋಗೋದು ನನ್ನ ರೂಢಿ. ಮಾವನ ಮನೆಯಲ್ಲಿ ಅಳಿಯನಿಗೆ ಉಪಚಾರ ಜಾಸ್ತಿ, ಕೆಲಸ ಮಾತ್ರ ಏನೂ ಇಲ್ಲ. ಹಾಗಾಗಿ ಬೆಳಗಾಗುವ ಮುಂಚೆಯೇ ಮಾವನ ಸ್ಕೂಟರ್ ತಗೊಂಡು, ಬೆನ್ನಿಗೆ ಕ್ಯಾಮೆರಾ ಬ್ಯಾಗ್ ಏರಿಸಿ ಹೊರಟುಬಿಡ್ತಿದ್ದೆ.

ಕೊಕ್ಕರೆ ಬೆಳ್ಳೂರು ಮದ್ದೂರು ತಾಲ್ಲೂಕಿನ ಊರು. ಹಳೇ ಬೆಂಗಳೂರು–ಮೈಸೂರು ರಸ್ತೆಯಲ್ಲಿ ರುದ್ರಾಕ್ಷಿಪುರದ ಹತ್ತಿರ ತಿರುಗಿಕೊಂಡರೆ ಸುಮಾರು 12 ಕಿ.ಮೀ. ಪಕ್ಕದಲ್ಲೇ ಶಿಂಷಾ ನದಿ. ಚಳಿಗಾಲದ ಹೊತ್ತಿಗೆ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಬಂದು ಊರೊಳಗಿನ ಹುಣಸೆ ಮರ, ಆಲದ ಮರಗಳ ಮೇಲೆ ಗೂಡು ಕಟ್ಟುತ್ತವೆ. ಕೆಳಗೆ ಮನೆ, ದನದ ಕೊಟ್ಟಿಗೆ, ಮೇಲೆ ಮರಿಗಳ ಗಲಾಟೆ. ಹಿಕ್ಕೆ ತಲೆ ಮೇಲೆ ಬಿದ್ದರೂ ಯಾರೂ ಬೈಯುವುದಿಲ್ಲ. ಅದನ್ನೇ ಗೊಬ್ಬರ ಮಾಡಿ ಹೊಲಕ್ಕೆ ಹಾಕುತ್ತಾರೆ. ಮರದಿಂದ ಬಿದ್ದ ಮರಿಗಳನ್ನು ಎತ್ತಿ, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುವ ‘ಹೆಜ್ಜಾರ್ಲೆ ಬಳಗ’ ಈ ಊರಿನದ್ದೇ. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿದರು. ಆದರೆ ಊರವರ ಲೆಕ್ಕದಲ್ಲಿ ಇವು ಯಾವತ್ತಿನಿಂದಲೂ ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು. ಆ ಮಾತು ಕೇಳಿ, ಮದ್ದೂರಿನಲ್ಲಿ ಬಿಟ್ಟುಬಂದ ನನ್ನವಳ ನೆನಪಾಗಿ ನಗು ಬಂತು.

ಮರದ ಮೇಲಿನ ಮರಿಗಳ ಫೋಟೊ ನನಗೆ ಸಮಾಧಾನ ಕೊಡಲಿಲ್ಲ. ಎಷ್ಟು ತೆಗೆದರೂ ಹೊಟ್ಟೆ, ಕೊಕ್ಕು, ಹಿಂದೆ ಬೆಳ್ಳಗಿನ ಆಕಾಶ. ನನಗೆ ಬೇಕಿದ್ದದ್ದು ಮರಿಯ ಕಣ್ಣಿನ ಮಟ್ಟದ ಫೋಟೊ. ಅದಕ್ಕೆ ನೆಲದಲ್ಲಿ ಓಡಾಡುವ ಮರಿಯೇ ಸಿಗಬೇಕು. ಸಿಕ್ಕಿತು. ಊರಾಚೆ, ಹೊಳೆ ಕಡೆಯ ಬೀಳು ಜಮೀನಿನಲ್ಲಿ ಒಂದು ಜೋಡಿ ಟಿಟ್ಟಿಭ, ಮೂರು ಮರಿ.

ಟಿಟ್ಟಿಭವನ್ನು ನೀವೂ ನೋಡಿರ್ತೀರಿ. ಕಣ್ಣ ಮುಂದೆ ಕೆಂಪು ಚರ್ಮ, ಹಳದಿ ಉದ್ದ ಕಾಲು, ಯಾರು ಬಂದರೂ ಊರಿಗೆಲ್ಲ ಕೇಳುವ ಹಾಗೆ ಕಿರುಚುವ ಹಕ್ಕಿ. ಪಂಚತಂತ್ರದಲ್ಲಿ ಮೊಟ್ಟೆಗೋಸ್ಕರ ಸಮುದ್ರದ ಮೇಲೇ ಜಗಳಕ್ಕೆ ನಿಲ್ಲೋದು ಇದೇ. ಇದಕ್ಕೆ ಗೂಡು ಅಂತ ಇಲ್ಲ. ನೆಲದಲ್ಲಿ ಸಣ್ಣ ಗುಳಿ, ಸುತ್ತ ನಾಲ್ಕು ಕಲ್ಲು, ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಸುಮಾರು ನಾಲ್ಕು ವಾರ ಕಾವು. ಮರಿ ಹೊರಬಂದು ಮೈ ಒಣಗಿದರೆ ಸಾಕು, ಓಡಾಟ ಶುರು. ಅಪ್ಪ ಅಮ್ಮ ಬಾಯಿಗೆ ತುತ್ತು ಇಡುವುದಿಲ್ಲ. ಹುಳ ಹುಪ್ಪಟೆ ಮರಿಯೇ ಹುಡುಕಿ ತಿನ್ನಬೇಕು. ದೊಡ್ಡವು ಮಾಡುವುದು ಎರಡೇ ಕೆಲಸ. ಚಳಿ ಬಿಸಿಲಿಗೆ ರೆಕ್ಕೆಯಡಿ ಸೇರಿಸಿಕೊಳ್ಳೋದು, ಅಪಾಯ ಬಂದರೆ ಕೂಗೋದು.

ನಿಂತು ನೋಡಿದರೆ ಈ ಮರಿ ಒಂದು ಕಲ್ಲು, ಅಷ್ಟೆ. ಮೈಮೇಲೆಲ್ಲ ಮಣ್ಣಿನ ಬಣ್ಣದ ಚುಕ್ಕೆ. ಅದರ ಎತ್ತರಕ್ಕೆ ನಾವು ಇಳಿದರೆ ಮಾತ್ರ ಮುಂದಿನ ಹುಲ್ಲು, ಹಿಂದಿನ ಹೊಲ ಎಲ್ಲ ಮಸುಕಾಗಿ ಮರಿಯೊಂದೇ ಎದ್ದು ಕಾಣುತ್ತದೆ. ಅದಕ್ಕಾಗಿ ನಾನು ತಯಾರಾಗಿಯೇ ಹೋಗಿದ್ದೆ. 600 ಎಂ.ಎಂ. ತನಕ ಹೋಗುವ ಲೆನ್ಸ್. ಹಳೇ ಜೀನ್ಸ್‌ನ ಕಾಲು ಕತ್ತರಿಸಿ, ರಾಗಿ ತುಂಬಿ ಅತ್ತೆ ಹೊಲಿದುಕೊಟ್ಟ ಚೀಲ, ಅದರ ಮೇಲೆ ಲೆನ್ಸ್ ಇಟ್ಟರೆ ಅಲುಗಾಡುವುದಿಲ್ಲ. ಕ್ಯಾಮೆರಾ ಪರದೆಯನ್ನು ಮೇಲಕ್ಕೆ ಮಡಚಿಕೊಂಡರೆ ಕತ್ತು ನೋಯುವುದಿಲ್ಲ. ಮರಿಗಳ ಓಟ ಜೋರು, ಅದಕ್ಕೆ ಶಟರ್ ವೇಗ 1/1600.

ಎಂಟೂವರೆ ಇರಬೇಕು. ಮೊಣಕೈ ಊರಿ ತೆವಳಿಕೊಂಡು ಹೋದೆ. ದೊಡ್ಡವು ಎರಡೂ ತಲೆ ಮೇಲೆ ಸುತ್ತು ಹೊಡೆದು ಕಿರುಚುತ್ತಿದ್ದವು. ಒಂದು ಸಲ ಟೋಪಿಗೆ ತಾಗುವಷ್ಟು ಕೆಳಗೆ ಬಂತು. ನನಗದು ಹಿನ್ನೆಲೆ ಸಂಗೀತ. ಹತ್ತು ಹೆಜ್ಜೆ ದೂರದಲ್ಲಿ ಒಂದು ಮರಿ ನೆಲಕ್ಕೆ ಅಂಟಿ ಕೂತಿತ್ತು. ಅಲುಗಾಡಲೇ ಇಲ್ಲ. ಕಪ್ಪು ಕಣ್ಣಿನಿಂದ ನೇರ ಲೆನ್ಸನ್ನೇ ನೋಡುತ್ತಿತ್ತು. ‘ಎಷ್ಟು ಚೆನ್ನಾಗಿ ಪೋಸ್ ಕೊಡ್ತಿದೆ ಮಗು’ ಅಂದುಕೊಂಡು ಮುನ್ನೂರು ಫೋಟೊ ತೆಗೆದೆ. ಅರ್ಧ ಗಂಟೆ ಹೋಗಿದ್ದೇ ಗೊತ್ತಾಗಲಿಲ್ಲ.

ಹಿಂದಿನಿಂದ ದನಿ ಕೇಳಿತು. “ಯಾಕ್ ಮಗ ಹಿಂಗ್ ಬಿದ್ಕಂಡಿದ್ದೀಯ? ಮೈಗ್ ಹುಸಾರಿಲ್ವಾ?”

ಆಡು ಮೇಯಿಸುತ್ತಿದ್ದ ಒಬ್ಬ ಅಜ್ಜಿ.

“ಏನಿಲ್ಲ ಅಜ್ಜಿ, ಮರಿ ಫೋಟೊ ತೆಗೀತಿದ್ದೀನಿ.”

ಅಜ್ಜಿ ಮರಿ ಕಡೆ ನೋಡಲೇ ಇಲ್ಲ, ಮೇಲೆ ನೋಡಿದಳು. “ಅವರವ್ವ ಅಷ್ಟೊತ್ತಿಂದ ಬಡ್ಕತಾವ್ಳೆ, ನಿಂಗ್ ಕೇಳಕಿಲ್ವಾ? ಬಿಸ್ಲಲ್ಲಿ ಆ ಕೂಸು ಬೆಂದೋಯ್ತದೆ. ಎದ್ದು ಈಚೆ ಬಾ.”

ಎದ್ದೆ. ಅಂಗೈ ಊರಿದ ನೆಲ ಆಗಲೇ ಸುಡುತ್ತಿತ್ತು. ಮೇಲೆ ಒಂದು ಹದ್ದು ನಿಧಾನಕ್ಕೆ ಸುತ್ತುತ್ತಿದ್ದದ್ದೂ ಆಗಲೇ ನನ್ನ ಕಣ್ಣಿಗೆ ಬಿದ್ದಿದ್ದು. ಅಜ್ಜಿ, ನಾನು, ಆಡು ಎಲ್ಲ ಬೇಲಿ ತನಕ ಬಂದ ಮೇಲೆ ತಾಯಿ ಕೆಳಗಿಳಿಯಿತು, ದನಿ ಬದಲಾಯಿಸಿ ಸಣ್ಣಗೆ ಕರೆಯಿತು. ಅಲ್ಲಿವರೆಗೆ ಕಲ್ಲಿನಂತಿದ್ದ ಮರಿ ದಡಬಡ ಓಡಿ ಅದರ ಹೊಟ್ಟೆಯಡಿ ನುಗ್ಗಿತು. ನನಗೆ ಕಾಣದೇ ಎಲ್ಲೋ ಅಡಗಿದ್ದ ಇನ್ನೆರಡೂ ಓಡಿ ಬಂದವು. ಮರಿ ಪೋಸ್ ಕೊಡುತ್ತಿರಲಿಲ್ಲ. ‘ಅಲುಗಾಡಬೇಡ’ ಎಂದು ತಾಯಿ ಕೂಗುತ್ತಿದ್ದಳು, ಅದು ಆ ಮಾತು ಕೇಳುತ್ತಿತ್ತು, ಅಷ್ಟೆ. ನಾನು ಬಿದ್ದುಕೊಂಡಷ್ಟು ಹೊತ್ತೂ ಅದಕ್ಕೆ ನೆರಳಿಲ್ಲ, ಹುಳ ಇಲ್ಲ, ಕಾವಲಿಗೆ ಇರಬೇಕಾದವರಿಬ್ಬರೂ ನನ್ನ ತಲೆ ಮೇಲೆ.

ಇಷ್ಟಾದರೂ ಆ ಫೋಟೊ ಇನ್‌ಸ್ಟಾಗ್ರಾಂಗೆ ಹಾಕಿದೆ. ನಾನು ಹಾಕಿದ್ದರಲ್ಲೇ ಅತಿ ಹೆಚ್ಚು ಲೈಕ್ ಅದಕ್ಕೇ. ಎಲ್ಲರೂ ‘ಕ್ಯೂಟ್’ ಅಂದರು. ರಾತ್ರಿ ಹೆಂಡತಿಗೆ ತೋರಿಸಿದೆ. ಅವಳು ದೊಡ್ಡದು ಮಾಡಿ ನೋಡಿ, “ಇದಕ್ಕೆ ಭಯ ಆಗಿದೆ ಕಣ್ರೀ” ಎಂದಳು. ನಾನು ಏನೂ ಹೇಳಿರಲಿಲ್ಲ ಅವಳಿಗೆ. ಅವತ್ತೇ ತೆಗೆದುಹಾಕಿದೆ.

ಮುಂದಿನ ಶನಿವಾರ ಕತ್ತಲಿರುವಾಗಲೇ ಹೋದೆ. ಈ ಸಲ ಮರಿಗಳ ಹತ್ತಿರ ನಾನು ಹೋಗುವುದಿಲ್ಲ, ಬರುವುದಾದರೆ ಅವೇ ಬರಲಿ ಎಂದು ತೀರ್ಮಾನ ಮಾಡಿದ್ದೆ. ಬೇಲಿ ಪಕ್ಕದ ಪೊದೆಯ ಬುಡದಲ್ಲಿ ಮೂವತ್ತು ಹೆಜ್ಜೆ ದೂರ, ಸೂರ್ಯ ಬೆನ್ನಿಗೆ ಬರುವ ಹಾಗೆ ಮಲಗಿದೆ. ಶಟರ್ ಸದ್ದು ಬಂದ್. ಬೆಳಕಾದಾಗ ತಾಯಿ ನನ್ನನ್ನು ಕಂಡು ಕೂಗಿತು. ವಾಚ್ ನೋಡಿಕೊಂಡೆ. ಐದು ನಿಮಿಷದಲ್ಲಿ ಕೂಗು ನಿಲ್ಲದಿದ್ದರೆ ಎದ್ದು ಹೋಗುವುದು ಎಂದು ನಿಯಮ. ಮೂರಕ್ಕೇ ನಿಂತಿತು. ಆಮೇಲೆ ಮರಿಗಳು ಮೇಯಲು ಹೊರಟವು. ಒಂದು ಹುಳಕ್ಕೆ ಓಡಿ ಮುಗ್ಗರಿಸಿತು. ಇನ್ನೊಂದು ಒಂದೇ ಕಾಲಲ್ಲಿ ನಿಂತು ರೆಕ್ಕೆ ಚಾಚಿತು, ರೆಕ್ಕೆ ಅನ್ನಬೇಕೋ ಬೇಡವೋ ಅಷ್ಟು ಚಿಕ್ಕದು. ಗಾಳಿ ತಣ್ಣಗಿದ್ದಾಗ ತಾಯಿ ಕುಕ್ಕರಿಸಿತು, ಮೂರೂ ಒಳಗೆ ತೂರಿಕೊಂಡವು. ನನ್ನ ಪರದೆಯಲ್ಲಿ ಒಂದು ಹಕ್ಕಿ, ಎಂಟು ಕಾಲು.

ಎಂಟು ಗಂಟೆಗೆ ಎದ್ದು ಬಂದೆ. ಬಿಸಿಲೇರಿದರೆ ನೆಲದಿಂದ ಏಳುವ ಝಳಕ್ಕೆ ಫೋಟೊ ಹೇಗೂ ಕಲಕಿದ ನೀರಿನ ಹಾಗೆ ಬರುತ್ತದೆ. ಮರಿಗೂ ನೆರಳಿನ ಹೊತ್ತು.

ನೀವೂ ಪ್ರಯತ್ನಿಸುವುದಾದರೆ ಎರಡೇ ಮಾತು. ಮೊಬೈಲ್ ಕ್ಯಾಮೆರಾ ಇದಕ್ಕೆ ಬೇಡ, ಅದರಲ್ಲಿ ಮರಿ ದೊಡ್ಡದಾಗಿ ಕಾಣಬೇಕಾದರೆ ಅದರ ಮೇಲೇ ಹೋಗಿ ಬೀಳಬೇಕು. ಮತ್ತೆ, ಗೂಡಿನ ಜಾಗ ಯಾರಿಗೂ ಶೇರ್ ಮಾಡಬೇಡಿ. ಇವತ್ತು ನೀವೊಬ್ಬರು, ನಾಳೆ ಇಪ್ಪತ್ತು ಜನ.

ಜೂನ್‌ನಲ್ಲಿ ನಮಗೆ ಮಗಳು ಹುಟ್ಟಿದಳು. ಆಸ್ಪತ್ರೆ ಕೋಣೆಯಲ್ಲಿ ಎರಡೂ ಕಡೆಯ ನೆಂಟರು, ಎಲ್ಲರ ಕೈಯಲ್ಲೂ ಮೊಬೈಲ್. ನಾನಂತೂ ತೊಟ್ಟಿಲಿನ ಪಕ್ಕ ಮಂಡಿಯೂರಿ, ಮಗಳ ಕಣ್ಣಿನ ಮಟ್ಟಕ್ಕೇ ಕ್ಯಾಮೆರಾ ಹಿಡಿದಿದ್ದೆ. ಅವಳು ಮುಖ ಕಿವುಚಿ ಅಳಲು ಶುರು ಮಾಡಿದಳು. ಹಾಸಿಗೆಯಿಂದ ಹೆಂಡತಿಯ ದನಿ ಬಂತು.

“ಐದು ನಿಮಿಷ ಆಯ್ತು ಕಣ್ರೀ.”

ಎಲ್ಲರನ್ನೂ ಕರೆದುಕೊಂಡು ಆಚೆ ಬಂದೆ.