ಭಾವನವರ ಬಂದೂಕುಗಳು

ಏನನ್ನಾದರೂ ಕೂಡಿಸಿಡಬೇಕೆಂಬ ಹುಚ್ಚು ಮನುಷ್ಯನಿಗೆ ಯಾವ ಕಾಲದಲ್ಲಿ ಅಂಟಿಕೊಂಡಿತೋ ಬಲ್ಲವರಿಲ್ಲ. ಅಂಚೆಚೀಟಿ ಕೂಡಿಸುವವರನ್ನು ನಾನು ಬಲ್ಲೆ. ಹಳೆಯ ನಾಣ್ಯ, ಬೆಂಕಿಪೆಟ್ಟಿಗೆಯ ಚಿತ್ರ, ಗ್ರಾಮಫೋನಿನ ತಟ್ಟೆ ಕೂಡಿಸುವವರನ್ನೂ ಕಂಡಿದ್ದೇನೆ. ನಮ್ಮ ಕಾಲೇಜಿನ ಹಿರಿಯ ಅಧ್ಯಾಪಕರೊಬ್ಬರು ತಮಗೆ ಬಂದ ಮದುವೆಯ ಕರೆಯೋಲೆಗಳನ್ನೆಲ್ಲ ವರ್ಷವಾರು ಕಟ್ಟು ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದಾರೆ. ಇವರೆಲ್ಲರ ಮನೆಯಾಕೆಯರ ದೂರು ಒಂದೇ: ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ನನ್ನ ಅಕ್ಕನ ದೂರು ಮಾತ್ರ ಬೇರೆ ಬಗೆಯದು. ಅಮೆರಿಕದ ಒಹಾಯೋ ರಾಜ್ಯದಲ್ಲಿರುವ ಅವಳ ಮನೆಯಲ್ಲಿ ಜಾಗಕ್ಕೇನೂ ಬರವಿಲ್ಲ. ಆ ಮನೆಯ ನೆಲಮಾಳಿಗೆಯಲ್ಲಿ ಆಳೆತ್ತರದ ಉಕ್ಕಿನ ಬೀರುವೊಂದಿದೆ. ಅದರೊಳಗೆ ನನ್ನ ಭಾವನವರು ಹದಿನೈದು ವರ್ಷಗಳಿಂದ ಕೂಡಿಸಿಟ್ಟಿರುವುದು ನಾನಾ ದೇಶಗಳ ಸೈನ್ಯಗಳು ಬಳಸಿ, ಬೇಡವೆಂದು ಮಾರಿಬಿಟ್ಟ ಹಳೆಯ ಬಂದೂಕುಗಳನ್ನು.

ನಮ್ಮಲ್ಲಿ ಬಂದೂಕು ಎಂದರೆ ಬ್ಯಾಂಕಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತ ನಿವೃತ್ತ ಸಿಪಾಯಿಯ ತೊಡೆಯ ಮೇಲಿರುವ ವಸ್ತು. ಕೊಡಗಿನವರಿಗಾದರೆ ಕೈಲ್ ಮುಹೂರ್ತದ ದಿನ ಹೂ ಮುಡಿಸಿ ಪೂಜಿಸುವ ವಸ್ತು. ನನ್ನಂಥವನಿಗೆ ಅದರ ಪರಿಚಯವಾದುದು ವಿದ್ಯಾರ್ಥಿಯಾಗಿದ್ದಾಗ ಎನ್.ಸಿ.ಸಿ. ಶಿಬಿರದಲ್ಲಿ, ಮಣ್ಣಿನ ದಿಬ್ಬದ ಮುಂದೆ ಬೋರಲು ಮಲಗಿ ಪಾಯಿಂಟ್ ಟೂ ಟೂ ರೈಫಲಿನಿಂದ ಐದು ಗುಂಡು ಹಾರಿಸಿದ್ದೇ ನನ್ನ ಶೌರ್ಯದ ಲೆಕ್ಕ. ಸೈನ್ಯದ ಅಳತೆಯ ಗುಂಡು ಹಾರಿಸುವ ರೈಫಲು ನಮ್ಮ ಶಸ್ತ್ರ ಕಾಯಿದೆಯಂತೆ ಸಾಮಾನ್ಯ ಪ್ರಜೆಗೆ ನಿಷಿದ್ಧ. ಆದುದರಿಂದಲೇ ಸರ್ಕಾರಿ ಕಾರ್ಖಾನೆ ನಾಗರಿಕರಿಗಾಗಿ ಪಾಯಿಂಟ್ ತ್ರೀ ಒನ್ ಫೈವ್ ಎಂಬ ಬೇರೊಂದು ಅಳತೆಯ ರೈಫಲನ್ನು ಮಾಡಿ ಮಾರಿತು. ೨೦೧೯ರ ತಿದ್ದುಪಡಿಯ ಮೇಲೆ ಪರವಾನೆ ಇದ್ದವನೂ ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಭಾವನವರ ಹವ್ಯಾಸ ಭಾರತದಲ್ಲಿ ಬೇರು ಬಿಡಲಾರದ ಗಿಡ.

ಅಮೆರಿಕದಲ್ಲಿ ಅದು ಹುಲುಸಾಗಿ ಬೆಳೆಯಿತು. ಎರಡನೆಯ ಮಹಾಯುದ್ಧ ಮುಗಿದಾಗ ಯುರೋಪಿನ ಉಗ್ರಾಣಗಳಲ್ಲಿ ಲಕ್ಷಗಟ್ಟಲೆ ರೈಫಲುಗಳು ಸೌದೆಯಂತೆ ಬಿದ್ದಿದ್ದವು. ಸ್ಯಾಮ್ಯುಯೆಲ್ ಕಮ್ಮಿಂಗ್ಸ್ ಎಂಬ ಚತುರ ವ್ಯಾಪಾರಿ ದೇಶ ದೇಶ ತಿರುಗಿ ಅವುಗಳನ್ನು ರಾಶಿ ರಾಶಿಯಾಗಿ ಕೊಂಡು ಅಮೆರಿಕಕ್ಕೆ ಸಾಗಿಸಿದ. ಐವತ್ತರ ದಶಕದಲ್ಲಿ ಅಲ್ಲಿಯ ಪತ್ರಿಕೆಗಳಲ್ಲಿ, ನಮ್ಮಲ್ಲಿ ಕೇಶತೈಲದ ಜಾಹೀರಾತು ಬರುವಂತೆ, ಸೈನ್ಯದ ರೈಫಲುಗಳ ಜಾಹೀರಾತು ಬರುತ್ತಿದ್ದವು. ಚೀಟಿ ಕತ್ತರಿಸಿ ಹಣ ಕಳಿಸಿದರೆ ಬಂದೂಕು ಅಂಚೆಯಲ್ಲಿ ಮನೆ ಬಾಗಿಲಿಗೆ! ಹಾಗೆ ೧೯೬೩ರಲ್ಲಿ ಒಬ್ಬಾತ ಸುಳ್ಳು ಹೆಸರಿನಲ್ಲಿ ಇಟಲಿಯ ಸೈನ್ಯದ ಹಳೆಯ ರೈಫಲೊಂದನ್ನು ದೂರದರ್ಶಕ ಸಮೇತ ೧೯ ಡಾಲರ್ ೯೫ ಸೆಂಟಿಗೆ ತರಿಸಿಕೊಂಡ. ಅವನೇ ಲೀ ಹಾರ್ವೆ ಆಸ್ವಾಲ್ಡ್. ಆ ವರ್ಷದ ನವೆಂಬರ್ ೨೨ರಂದು ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಕೆನಡಿಯವರು ಅದೇ ಬಂದೂಕಿಗೆ ಬಲಿಯಾದರು. ೧೯೬೮ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿಯವರ ಕೊಲೆಗಳೂ ನಡೆದ ಮೇಲೆ ಅಲ್ಲಿಯ ಸರ್ಕಾರ ಅಂಚೆಯ ವ್ಯಾಪಾರವನ್ನೂ ಹೊರದೇಶದ ಸೈನಿಕ ಬಂದೂಕುಗಳ ಆಮದನ್ನೂ ನಿಲ್ಲಿಸಿತು. ೧೯೮೪ರಲ್ಲಿ ಮತ್ತೆ ಬಾಗಿಲು ಸ್ವಲ್ಪ ತೆರೆಯಿತು: ಐವತ್ತು ವರ್ಷ ತುಂಬಿದ, ಮೂಲ ರೂಪ ಕೆಡದ ಬಂದೂಕುಗಳು 'ಕುತೂಹಲದ ವಸ್ತು'ಗಳೆಂಬ ಲೆಕ್ಕದಲ್ಲಿ ಒಳಗೆ ಬರಬಹುದು ಎಂದಾಯಿತು. ಮೂವತ್ತು ಡಾಲರ್ ಕಟ್ಟಿದರೆ ಇಂಥವನ್ನು ಕೂಡಿಸುವುದಕ್ಕೆ ಮೂರು ವರ್ಷದ ಲೈಸೆನ್ಸು ಸಿಗುತ್ತದೆ. ಭಾವನವರಲ್ಲಿ ಇರುವುದು ಅದೇ. ಅದರೊಂದಿಗೆ ಒಂದು ದಫ್ತರವನ್ನು ಇಡಬೇಕು. ಯಾವ ಬಂದೂಕು ಯಾರಿಂದ, ಯಾವ ದಿನ ಬಂತು, ಯಾರಿಗೆ, ಯಾವ ದಿನ ಹೋಯಿತು ಎಂದು ಎಡಕ್ಕೆ ಜಮಾ, ಬಲಕ್ಕೆ ಖರ್ಚು ಬರೆಯಬೇಕು.

ಕಳೆದ ಬೇಸಿಗೆಯ ರಜೆಯಲ್ಲಿ ನಾನು ಅಲ್ಲಿ ಐದು ವಾರ ಇದ್ದೆ. ಮೊದಲ ಶನಿವಾರವೇ ಭಾವನವರು ಬೀರುವಿನ ಬೀಗ ತೆಗೆದರು. ನಾನು ಕೈ ಚಾಚಿದೆ.

"ಮುಟ್ಟಬ್ಯಾಡ ತಮ್ಮಾ! ನೀ ಪ್ರವಾಸದ ವೀಸಾದ ಮ್ಯಾಲೆ ಬಂದಾಂವ. ಬಂದೂಕು ನಿನ್ನ ಕೈಯಾಗ ಇದ್ರ ಇಲ್ಲಿ ಅಪರಾಧ ಆಗತದ. ನೋಡು ಅಷ್ಟ" ಎಂದರು.

ಆದುದರಿಂದ ನಾನು ಕೈ ಹಿಂದೆ ಕಟ್ಟಿಕೊಂಡು, ದೇವಸ್ಥಾನದ ಗರ್ಭಗುಡಿಯ ಮುಂದೆ ನಿಂತವನಂತೆ, ಅವರು ಒಂದೊಂದಾಗಿ ತೆಗೆದು ತೋರಿಸಿದ್ದನ್ನು ನೋಡಿದೆ. ಆರು ಇದ್ದವು. ರಷ್ಯದ ಉದ್ದನೆಯ ಮೊಸಿನ್, ಸ್ವೀಡನ್ನಿನ ಮೌಸರ್, ಕೆನಡಾದಲ್ಲಿ ಮಾಡಿದ ಎನ್‌ಫೀಲ್ಡ್, ಸ್ವಿಟ್ಜರ್ಲೆಂಡಿನ ೧೯೩೧ರ ಮಾದರಿ. ಕೊನೆಗೆ, ಪ್ರತ್ಯೇಕವಾಗಿ ಕಂಬಳಿಯಲ್ಲಿ ಸುತ್ತಿದ್ದ ಎರಡು. ಆ ಎರಡರ ಉಕ್ಕಿನ ಮೇಲೆ ಕೊರೆದ ಅಕ್ಷರ ಓದುವಾಗ ನನ್ನ ಮೈ ಸಣ್ಣಗೆ ಜುಮ್ಮೆಂದಿತು: ಈಶಾಪುರ.

ಈಶಾಪುರವೆಂದರೆ ಕಲ್ಕತ್ತೆಯ ಉತ್ತರಕ್ಕೆ ಹೂಗ್ಲಿ ನದಿಯ ದಂಡೆಯ ಊರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದ ಅಲ್ಲಿ ರೈಫಲಿನ ಕಾರ್ಖಾನೆ ಇದೆ. ನಮ್ಮ ಪೊಲೀಸು ಠಾಣೆಗಳಲ್ಲಿ ಎಲ್ಲರೂ ನೋಡಿದ ತ್ರೀ ನಾಟ್ ತ್ರೀ ಬಂದೂಕಿನ ತವರು ಅದು. ಬಂದೂಕಿನ ನಿಜವಾದ ಹೆಸರು ಲೀ-ಎನ್‌ಫೀಲ್ಡ್. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಜೇಮ್ಸ್ ಪ್ಯಾರಿಸ್ ಲೀ ಎಂಬಾತ ಅದರ ಯಂತ್ರವನ್ನು ರೂಪಿಸಿದ. ಲಂಡನ್ನಿನ ಉತ್ತರದ ಎನ್‌ಫೀಲ್ಡ್ ಕಾರ್ಖಾನೆ ಅದಕ್ಕೆ ನಳಿಗೆ ಕೊಟ್ಟಿತು. ಯಂತ್ರವೆಂದರೆ ಭಾರಿ ರಹಸ್ಯವೇನೂ ಅಲ್ಲ. ನಮ್ಮ ಹಳೆಯ ಮನೆಗಳ ಬಾಗಿಲಿನ ಅಗುಳಿಯನ್ನು ನೆನೆಯಿರಿ. ಹಿಡಿಯನ್ನು ಮೇಲಕ್ಕೆತ್ತಿ ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಗೆ ಹಾರುತ್ತದೆ. ಮುಂದಕ್ಕೆ ತಳ್ಳಿ ಕೆಳಗೊತ್ತಿದರೆ ಹೊಸದು ನಳಿಗೆ ಸೇರಿ ಅಗುಳಿ ಬೀಳುತ್ತದೆ. ಐದೈದರ ಎರಡು ಕಂತಿನಲ್ಲಿ ಹತ್ತು ಗುಂಡು ತುಂಬಬಹುದು. ಇಷ್ಟು ಸರಳವಾದ ವಸ್ತು ಎರಡು ಮಹಾಯುದ್ಧಗಳನ್ನು ಕಂಡು, ೨೦೨೦ರ ಗಣರಾಜ್ಯ ದಿನದವರೆಗೂ ಉತ್ತರ ಪ್ರದೇಶದ ಪೊಲೀಸರ ಹೆಗಲ ಮೇಲಿತ್ತು.

ನಾನು ಎಂ.ಎ. ತರಗತಿಯಲ್ಲಿ ಶಾಸನಗಳನ್ನು ಓದಿದವನು. ಅಕ್ಷರ ಕೊರೆದ ಯಾವುದನ್ನು ಕಂಡರೂ ಓದದೆ ಬಿಡಲಾರೆ. ಬಂದೂಕೂ ಒಂದು ಶಾಸನವೆಂದು ಅಂದು ತಿಳಿಯಿತು. ಮೊದಲನೆಯದರ ಮೇಲೆ ಕಿರೀಟ, ಕೆಳಗೆ ದೊರೆ ಹಾಗೂ ಚಕ್ರವರ್ತಿ ಜಾರ್ಜನ ಬಿರುದಿನ ಮೂರು ಅಕ್ಷರ, ಕಾರ್ಖಾನೆಯ ಹೆಸರು, ೧೯೪೨ ಎಂಬ ಇಸವಿ. ಎರಡನೆಯದರಲ್ಲಿ ಕಿರೀಟ ಮಾಯವಾಗಿದೆ. ೧೯೬೭, ಅಳತೆ ಏಳು ಪಾಯಿಂಟ್ ಆರು ಎರಡು ಮಿಲಿಮೀಟರು, ಮಾದರಿ ೨ಎ೧. ಚೀನದ ಯುದ್ಧದ ನಂತರ ಹೊಸ ರೈಫಲುಗಳು ಸಾಲದೆ, ಹಳೆಯ ಯಂತ್ರವನ್ನೇ ಹೊಸ ಗುಂಡಿಗೆ ಹೊಂದಿಸಿದ್ದು ಅದು. ಇನ್ನೂ ಸೂಕ್ಷ್ಮವಾಗಿ ಓದಿದರೆ, ಅಗುಳಿಯ ಸಂಖ್ಯೆ ಒಂದು, ನಳಿಗೆಯ ಸಂಖ್ಯೆ ಮತ್ತೊಂದು; ಅಂದರೆ ಯಾವುದೋ ದುರಸ್ತಿಯಲ್ಲಿ ಇದರದು ಅದಕ್ಕೆ, ಅದರದು ಇದಕ್ಕೆ ಬಂದಿದೆ. ಮುಂಭಾಗದ ಮರ ಸೀಳದಿರಲೆಂದು ಈಶಾಪುರದವರು ಅಡ್ಡಲಾಗಿ ಹಾಕುತ್ತಿದ್ದ ತಿರುಪು ಕಾಣುತ್ತದೆ. ನಳಿಗೆಯ ಮೇಲೆ ಅಮೆರಿಕದ ಆಮದುದಾರನ ಹೆಸರು, ಊರು. ಕಾಯಿದೆ ಬೇಡುವ ಈ ಕೊನೆಯ ಮುದ್ರೆಯನ್ನು ಕಂಡರೆ ಕೂಡಿಸುವವರಿಗೆ ಆಗದು. ಹಂಪೆಯ ಕಂಬದ ಮೇಲೆ ಪ್ರವಾಸಿಗಳು ಹೆಸರು ಗೀಚಿದಂತೆ ಎಂದು ಭಾವನವರು ಮೂಗು ಮುರಿದರು.

ದೊರೆಯ ಹೆಸರಿದೆ, ಕಾರ್ಖಾನೆಯದಿದೆ, ವ್ಯಾಪಾರಿಯದೂ ಇದೆ. ಹೊತ್ತವನದು ಎಲ್ಲಿ ಎಂದು ಕೇಳಿದೆ.

"ಅದ ಇಲ್ಲ ನೋಡು" ಎಂದರು ಭಾವನವರು.

ಈ ಮಾತಿಗೆ ಹಿನ್ನೆಲೆ ಹೇಳಬೇಕು. ಭಾವನವರ ತಂದೆ ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಯವರು. ೧೯೫೮ರಲ್ಲಿ ಸೈನ್ಯ ಸೇರಿ, ತಂತಿ ಎಳೆಯುವ ಸಿಗ್ನಲ್ ದಳದ ಸಿಪಾಯಿಯಾಗಿ ೧೯೬೨ರ ಅಕ್ಟೋಬರಿನಲ್ಲಿ ನಾಮ್ಕಾ ಚೂ ಹಳ್ಳದ ಬಳಿ ಇದ್ದರು. ಇಂದು ಅರುಣಾಚಲ ಪ್ರದೇಶವೆನ್ನುವ ಆ ಸೀಮೆಯಲ್ಲಿ ಅಕ್ಟೋಬರ್ ೨೦ರ ಬೆಳಗಿನಲ್ಲಿ ಚೀನದ ಸೈನ್ಯ ಎರಗಿದಾಗ ನಮ್ಮ ಜವಾನರ ಕೈಯಲ್ಲಿ ಇದ್ದುದು ಒಂದೊಂದು ಗುಂಡಿಗೂ ಅಗುಳಿ ತೆಗೆದು ಹಾಕಬೇಕಾದ ಈ ತ್ರೀ ನಾಟ್ ತ್ರೀ. ಜೋಳಿಗೆಯಲ್ಲಿ ಇದ್ದುದು ತಲೆಗೆ ಐವತ್ತು ಗುಂಡು. ಉಳಿದವರಲ್ಲಿ ಕೆಲವರು ಭೂತಾನದ ಕಾಡು ಹಾದು ತಿರುಗಿ ಬಂದರು. ಅವರಲ್ಲಿ ಇವರೂ ಒಬ್ಬರು. ಅನಂತರ ಕಬ್ಬು ಬೆಳೆದುಕೊಂಡು ನಲವತ್ತು ವರ್ಷ ಬಾಳಿ, ೨೦೦೯ರಲ್ಲಿ ತೀರಿಕೊಂಡರು. ಯುದ್ಧದ ಸುದ್ದಿಯನ್ನು ಅವರು ಎತ್ತಿದ್ದನ್ನು ನಾನು ಕೇಳಲಿಲ್ಲ. ಒಮ್ಮೆ ಮಾತ್ರ, ಮೊಮ್ಮಗಳ ಜಾವಳದ ದಿನ, ಪಂಕ್ತಿಯಲ್ಲಿ ಹೋಳಿಗೆ ಎಣಿಸಿ ಬಡಿಸುತ್ತಿದ್ದವನನ್ನು ಕಂಡು, "ಎಣಿಸಬ್ಯಾಡೋ, ಎಣಿಸಿದ್ದು ಯಾವಾಗಲೂ ಕಡಿಮಿ ಬೀಳತದ" ಎಂದರು. ಎಲ್ಲರೂ ನಕ್ಕೆವು. ಭಾವನವರು ನಗಲಿಲ್ಲ.

ತಂದೆ ತೀರಿಕೊಂಡ ಮರುವರ್ಷ ಭಾವನವರು ೧೯೪೨ರ ಈ ರೈಫಲನ್ನು ಕೊಂಡರು. ತಂದೆ ಹೊತ್ತದ್ದು ಇದೇ ಎಂದು ಅವರು ಎಂದೂ ಹೇಳಿದವರಲ್ಲ. ಕಂಪ್ಯೂಟರ್ ಇಂಜಿನಿಯರು, ಲೆಕ್ಕ ಬಲ್ಲವರು. ಆದರೆ ಇದಾಗಿರಲಾರದು ಎಂದು ಹೇಳುವ ಪುರಾವೆಯೂ ಇಲ್ಲವಲ್ಲ ಎಂಬ ಆಸೆ ಅವರ ಕಣ್ಣಿನಲ್ಲಿ ಇತ್ತು. ಹಳೆಯ ಎನ್‌ಫೀಲ್ಡುಗಳ ಹಿಂಬದಿಯ ಮರದಲ್ಲಿ ಹಿತ್ತಾಳೆಯ ಬಿಲ್ಲೆಯೊಂದು ಇರುತ್ತಿತ್ತು; ಅದರ ಮೇಲೆ ಪಲ್ಟನ್ನಿನ ಗುರುತು. ಮೊದಲ ಮಹಾಯುದ್ಧದಲ್ಲಿ, ಕೆಲಸ ಉಳಿಸಲೆಂದು, ಆ ಬಿಲ್ಲೆಯನ್ನು ಕೈಬಿಟ್ಟರು. ಇದರಲ್ಲಿ ಬಿಲ್ಲೆಯಿಲ್ಲ.

ಸ್ವಿಟ್ಜರ್ಲೆಂಡಿನದನ್ನು ಅವರು ಆಮೇಲೆ ಕೊಂಡರು. ಅದರ ಕಥೆ ಸ್ವಾರಸ್ಯವಾದದ್ದು. ಆ ದೇಶದ ಸಿಪಾಯಿ ರೈಫಲನ್ನು ಮನೆಯಲ್ಲಿಯೇ ಇಟ್ಟುಕೊಳ್ಳುತ್ತಾನೆ. ಹಿಂಬದಿಯ ಉಕ್ಕಿನ ತಗಡಿನ ಕೆಳಗೆ ತನ್ನ ಹೆಸರು, ದಳ, ಊರು ಬರೆದ ಚೀಟಿಯನ್ನು ಮಡಿಸಿ ಇಡುವ ರೂಢಿಯಿತ್ತು. ಎರಡು ತಿರುಪು ಬಿಚ್ಚಿ ಭಾವನವರು ಅದನ್ನು ತೋರಿಸಿದರು. ಹಳದಿಗಟ್ಟಿದ ಕಾಗದದ ಮೇಲೆ ಅಚ್ಚುಕಟ್ಟಾದ ಬರವಣಿಗೆ. ಎರಡು ಮಹಾಯುದ್ಧಗಳಲ್ಲಿಯೂ ಹೋರದೆ ಉಳಿದ ದೇಶದ ಬಂದೂಕಿಗೆ ಒಡೆಯನ ಹೆಸರು ಇದೆ. ಹಳ್ಳದ ದಂಡೆಯ ಹಿಮದಲ್ಲಿ ಐವತ್ತು ಗುಂಡು ಎಣಿಸಿದವರ ಬಂದೂಕಿಗೆ ಇಲ್ಲ! ನನಗೆ ಆತಕೂರಿನ ಕಲ್ಲು ನೆನಪಾಯಿತು. ಕ್ರಿ.ಶ. ೯೪೯-೫೦ರ ಆ ವೀರಗಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಮಣಲೇರನೆಂಬ ವೀರನ ಬೇಟೆನಾಯಿ ಹಂದಿಯೊಡನೆ ಕಾದಿ ಮಡಿದುದನ್ನು ಅದರಲ್ಲಿ ಕೊರೆಸಿದ್ದಾರೆ. ನಾಯಿಯ ಹೆಸರು ಕಾಳಿ ಎಂಬುದನ್ನೂ ಬಿಟ್ಟಿಲ್ಲ. ಇದನ್ನು ಭಾವನವರಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು.

ಮರುವಾರ ಅವರೊಂದಿಗೆ ಗುಂಡು ಹಾರಿಸುವ ಬಯಲಿಗೆ ಹೋದೆ. ಹಳೆಯ ಕಲ್ಲುಗಣಿಯ ತಗ್ಗಿನಲ್ಲಿ ಒಂದು ಸಂಘದವರು ನಡೆಸುವ ಜಾಗ. ನಾನು ಗೆರೆಯ ಹಿಂದೆ ಬೆಂಚಿನ ಮೇಲೆ ಕುಳಿತೆ. ಶಿಸ್ತು ನಮ್ಮ ಪರೀಕ್ಷಾ ಕೊಠಡಿಗಿಂತ ಹೆಚ್ಚು: ಮೇಲ್ವಿಚಾರಕ ಕೂಗಿದೊಡನೆ ಎಲ್ಲ ಅಗುಳಿಗಳೂ ತೆರೆಯಬೇಕು, ಯಾರೂ ಬಂದೂಕು ಮುಟ್ಟದೆ ಹಿಂದೆ ಸರಿಯಬೇಕು, ಆಗ ಮಾತ್ರ ಗುರಿಹಲಗೆಯ ಕಡೆಗೆ ನಡೆಯಬಹುದು. ಭಾವನವರು ಹತ್ತು ಗುಂಡು ಹಾರಿಸಿದರು. ಒಂದೊಂದಕ್ಕೂ ಹೆಗಲು ಹಿಂದಕ್ಕೆ ಸರಿಯುತ್ತಿತ್ತು. ಪುಣೆಯ ಖಡಕಿಯಲ್ಲಿ ತಯಾರಾದ ಹಳೆಯ ತೋಟಾಗಳನ್ನು ಮೊದಲು ಬಳಸಿ ನೋಡಿದ್ದರಂತೆ. ಕುದುರೆ ಎಳೆದರೆ 'ಟಕ್' ಎಂದು ಸುಮ್ಮನಾಗಿ, ಒಂದು ಕ್ಷಣ ಬಿಟ್ಟು ಸಿಡಿಯುತ್ತಿದ್ದವಂತೆ. ಅಂಥ ಹೊತ್ತಿನಲ್ಲಿ ಅಗುಳಿ ತೆಗೆದರೆ ಮುಖದ ಮೇಲೆಯೇ ಸಿಡಿಯಬಹುದು. ಗುರಿಯ ಕಡೆ ಹಿಡಿದು ಅರ್ಧ ನಿಮಿಷ ಕಾಯಬೇಕು. ಮನೆಗೆ ಬಂದ ಮೇಲೆ ಕುದಿಯುವ ನೀರನ್ನು ನಳಿಗೆಗೆ ಹುಯ್ದು ತೊಳೆದರು. ಹಳೆಯ ತೋಟಾಗಳು ಉಳಿಸುವ ಉಪ್ಪು ನೀರಿಗೆ ಮಾತ್ರ ಕರಗುತ್ತದೆ. ಎಣ್ಣೆಗೆ ಜಗ್ಗದೆ, ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಈಗ ಅಂಥ ತೋಟಾ ಬಳಸದಿದ್ದರೂ ಅಭ್ಯಾಸ ಹೋಗಿಲ್ಲ. ಅಡಿಗೆಮನೆಯ ಕೆಟಲನ್ನೇ ಒಯ್ದದ್ದು ಅಕ್ಕನ ಕಣ್ಣಿಗೆ ಬಿತ್ತು. ಅಂದೇ ರಾತ್ರಿ ಊಟದ ಹೊತ್ತಿಗೆ ಮಾತು ಸ್ಫೋಟಿಸಿತು.

"ನೀನ ಹೇಳೋ" ಎಂದಳು ಅಕ್ಕ ನನ್ನ ಕಡೆ ತಿರುಗಿ. "ಸಾಲ್ಯಾಗ ಈ ಹುಡುಗಿಗೆ ದೀಪ ಆರಿಸಿ, ಗ್ವಾಡಿಗೆ ಆತು, ಉಸಿರು ಬಿಡದ ಕೂಡೂದನ್ನ ಕಲಸ್ತಾರ. ಬಂದೂಕಿನಾಂವ ಬಂದ್ರ ಹೆಂಗ ಅಡಗಬೇಕು ಅಂತ ವರ್ಷಕ್ಕ ನಾಕು ಸಲ ಅಭ್ಯಾಸ. ಮನಿಗೆ ಬಂದ್ರ ಕೆಳಗ ಇವು. ನಾ ಏನಂತ ತಿಳಿಸಿ ಹೇಳ್ಲಿ?"

"ಅವು ಬ್ಯಾರೆ, ಇವು ಬ್ಯಾರೆ. ಇವು ಮುದುಕ ಆಗ್ಯಾವ. ಒಂದೊಂದು ಗುಂಡಿಗೂ ಅಗುಳಿ ಎಳಿಬೇಕು" ಎಂದರು ಭಾವನವರು.

"ಕೆನಡಿನ್ನ ಕೊಂದದ್ದು ಯಾವದು? ಇಂಥಾ ಮುದುಕನ ಅಲ್ಲೇನು?"

ಭಾವನವರಲ್ಲಿ ಉತ್ತರವಿರಲಿಲ್ಲ. ನನ್ನಲ್ಲಿಯೂ ಇರಲಿಲ್ಲ. ಅಕ್ಕನ ಪಕ್ಷವೇ ಬಲವಾದುದೆಂದು ಅಂದೂ ಅನಿಸಿತು, ಇಂದೂ ಅನಿಸುತ್ತದೆ. ಮೊಸಿನ್, ಮೌಸರುಗಳಿಗೂ ಆ ಮನೆಗೂ ಏನು ನಂಟು? ಒಂದನ್ನು ದುಃಖಕ್ಕೆ ಕೊಂಡ ಕೈ ಉಳಿದ ಐದನ್ನು ಬರಿಯ ಚಟಕ್ಕೆ ಕೊಂಡಿದೆ. ಕೂಡಿಸುವವರ ಜಾತಕವೇ ಅಷ್ಟು. ಅದನ್ನು ಹಾಗೆಯೇ ಭಾವನವರಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಹನ್ನೆರಡು ವರ್ಷದ ಸೊಸೆ ಮಾತ್ರ ತಟ್ಟೆಯಿಂದ ತಲೆಯೆತ್ತಿ, "ಅಜ್ಜಾ ಯಾರನ್ನಾದರೂ ಕೊಂದಿದ್ರೇನು?" ಎಂದು ಕೇಳಿದಳು. "ಅಜ್ಜ ತಂತಿ ಎಳೀತಿದ್ರು" ಎಂದಳು ಅಕ್ಕ, ಮತ್ತಷ್ಟು ಸಾರು ಬಡಿಸುತ್ತ.

ನಾನು ತಿರುಗಿ ಬಂದು ನಾಲ್ಕು ತಿಂಗಳಾಗಿತ್ತು. ದೀಪಾವಳಿಗೆ ಅಕ್ಕ ದೂರವಾಣಿಯಲ್ಲಿ ಮಾತಾಡಿದಾಗ ತಿಳಿಯಿತು: ದಫ್ತರದ ಬಲಗಡೆಯಲ್ಲಿ ಐದು ಸಾಲು ತುಂಬಿವೆ. ಮೊಸಿನ್ ಹೋಯಿತು, ಮೌಸರ್ ಹೋಯಿತು, ಕೆನಡಾದ್ದು ಹೋಯಿತು, ೧೯೬೭ರದೂ ಹೋಯಿತು. ಸ್ವಿಟ್ಜರ್ಲೆಂಡಿನದನ್ನು ಕೊಂಡವನಿಗೆ ಚೀಟಿಯನ್ನು ಮರಳಿ ಅದರ ಜಾಗದಲ್ಲಿಯೇ ಇಡಬೇಕೆಂದು ಭಾವನವರು ಮಾತು ತೆಗೆದುಕೊಂಡರಂತೆ.

"ಆರನೇದು?" ಎಂದು ಕೇಳಿದೆ.

"ಅದು ಐತಿ. ಅಗುಳಿ ಬಿಚ್ಚಿ ಬ್ಯಾಂಕಿನ ಲಾಕರಿನ್ಯಾಗ ಇಟ್ಟು ಬಂದಾರ. ಬೀರುವಿನ್ಯಾಗ ಈಗ ನನ್ನ ರೇಷ್ಮಿ ಸೀರಿ ಅದಾವ" ಎಂದಳು ಅಕ್ಕ. ಆಮೇಲೆ ದನಿ ತಗ್ಗಿಸಿ, "ಹಿಂದಿನ ಕಬ್ಬಿಣದ ತಗಡಿನ ಕೆಳಗ ಮಾವನೋರ ಹೆಸರು, ಊರು ಬರದು ಇಟ್ಟಾರ. ಸುಳ್ಳು ಆತಲ್ಲ ಅದು ಅಂದೆ ನಾ. ನಿನ್ನ ತಮ್ಮನ್ನ ಕೇಳು ಅಂದ್ರು" ಎಂದಳು.

ಸುಳ್ಳು ಶಾಸನಗಳನ್ನು ಕೂಟಶಾಸನವೆನ್ನುತ್ತೇವೆ. ಅವನ್ನು ಗುರುತಿಸುವ ಬಗೆಯನ್ನು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತೇನೆ. ಅಕ್ಕನಿಗೆ ಅದನ್ನು ಹೇಳಲಿಲ್ಲ. ಯಾವ ಲಿಪಿಯಲ್ಲಿ ಬರೆದಿದ್ದಾರೆ ಎಂದಷ್ಟೇ ಕೇಳಿದೆ. ಕನ್ನಡದಲ್ಲಿ ಎಂದಳು.