ನವೋದಯದ ಗೈಡು, ಅಜ್ಜಿಯ ಹಸೆ

ನವೋದಯ ಪರೀಕ್ಷೆಯ ಓದು ಶಿವಮೊಗ್ಗ ಜಿಲ್ಲೆಯ ನಮ್ಮ ಅಂಬ್ಲಿಗೊಳದ ಕಡೆ ಸುಗ್ಗಿಯ ಬೆನ್ನಿಗೇ ಬರುತ್ತದೆ. ಅಂಗಳದಲ್ಲಿ ಭತ್ತ, ಚಪ್ಪರದಡಿ ಅಡಿಕೆ ಸುಲಿಯುವವರ ಸಾಲು, ಜಗಲಿಯ ಮೂಲೆಯಲ್ಲಿ ಗೈಡು ಹಿಡಿದು ಕೂತ ಐದನೇ ಕ್ಲಾಸಿನ ಮಗು. ಮಗು ಓದುತ್ತಿದೆ ಅಂತ ಟಿ.ವಿ. ಬಂದ್. ಅಡಿಕೆ ಸುಲಿಯುವವರು ಕೂಡ ಊರ ಸುದ್ದಿಯನ್ನು ಅರ್ಧ ದನಿಯಲ್ಲಿ ಆಡಬೇಕು. ಈ ವರ್ಷ ಆ ಮರ್ಯಾದೆ ನನ್ನ ತಮ್ಮನ ಮಗಳಿಗೆ ಸಿಕ್ಕಿದೆ.

"ದೊಡ್ಡಪ್ಪಾ, ಈ ನಾಲ್ಕರಲ್ಲಿ ಗುಂಪಿಗೆ ಸೇರದ್ದು ಯಾವ್ದು?"

ನೋಡಿದೆ. ಒಂದು ಚೌಕದೊಳಗೆ ಚುಕ್ಕಿ, ಇನ್ನೊಂದರೊಳಗೆ ಬಾಣ, ಮತ್ತೊಂದಕ್ಕೆ ಅರ್ಧ ಕಪ್ಪು ಬಳಿದಿದೆ. ನಾನು ಕನ್ನಡಕ ಹುಡುಕುವುದರೊಳಗೆ ಅವಳೇ ಗುರುತು ಹಾಕಿ ಮುಂದಿನ ಪುಟಕ್ಕೆ ಹೋಗಿದ್ದಳು. ಕೇಳಿದ್ದು ಉತ್ತರ ಬೇಕಾಗಿ ಅಲ್ಲ, ನನ್ನನ್ನು ಅಳೆಯಲಿಕ್ಕೆ.

ಈಗಿನ ಪರೀಕ್ಷೆ ಎರಡು ಗಂಟೆಯದು. 80 ಪ್ರಶ್ನೆ, 100 ಅಂಕ. ಗಣಿತಕ್ಕೆ 20 ಪ್ರಶ್ನೆ, ಭಾಷೆಗೆ 20. ಮಿಕ್ಕ 40 ಪ್ರಶ್ನೆಗಳು, ಅಂದರೆ ಸರಿಯಾಗಿ ಅರ್ಧ ಅಂಕ, ಮೆಂಟಲ್ ಎಬಿಲಿಟಿಗೆ. ಅಲ್ಲಿ ಅಕ್ಷರದ ಕೆಲಸ ಕಡಿಮೆ, ಬರೀ ಚಿತ್ರ. ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಮಡಿಚಿ ತೂತು ಹೊಡೆದ ಕಾಗದ ಬಿಚ್ಚಿದರೆ ತೂತು ಎಲ್ಲೆಲ್ಲಿ ಬೀಳುತ್ತವೆ, ತುಂಡಾದ ವೃತ್ತಕ್ಕೆ ಯಾವ ಚೂರು ಕೂಡುತ್ತದೆ. ಇಷ್ಟನ್ನು ದಾಟಿದ ಮಗುವಿಗೆ ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿರುವ ಗಾಜನೂರಿನ ಜವಾಹರ್ ನವೋದಯ ವಿದ್ಯಾಲಯದಲ್ಲಿ ಆರನೇ ಕ್ಲಾಸು. ಪಕ್ಕದಲ್ಲೇ ತುಂಗಾ ಅಣೆಕಟ್ಟು, ಸ್ವಲ್ಪ ಮುಂದೆ ಹೋದರೆ ಸಕ್ರೆಬೈಲಿನ ಆನೆಗಳು. (ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇದಲ್ಲ. ಈ ಮಾತನ್ನು ನಾನು ಬೆಂಗಳೂರಿನ ನೆಂಟರಿಗೆ ಪ್ರತಿ ಸಲ ಹೇಳಬೇಕಾಗುತ್ತದೆ.) ಇಡೀ ಜಿಲ್ಲೆಗೆ ಹೆಚ್ಚೆಂದರೆ 80 ಸೀಟು.

ತೊಂಬತ್ತರ ದಶಕದಲ್ಲಿ ನಾನೂ ಈ ಪರೀಕ್ಷೆ ಬರೆದವನೇ. ಆಗ ಶಾಲೆಗೆಲ್ಲ ಒಂದೇ ಗೈಡು, ಅದೂ ಮೇಷ್ಟ್ರದ್ದು. ಸರದಿಯ ಮೇಲೆ ಮನೆಗೆ ಒಯ್ಯಬೇಕು. ನಮ್ಮ ಮನೆಗೆ ಬಂದ ದಿನ ರಾತ್ರಿ ಅಜ್ಜಿ ಅದನ್ನು ತೆರೆದು ನೋಡಿದಳು. ಅಜ್ಜಿಗೆ ಓದು ಬರಹ ಬಾರದು. ಆದರೆ ಊರಲ್ಲಿ ಮದುವೆಯಾದರೆ ಗೋಡೆಗೆ ಹಸೆ ಬರೆಯಲು ಅವಳಿಗೇ ಕರೆ. ಸಾಗರ, ಸೊರಬದ ದೀವರ ಮನೆಗಳ ಹಸೆ ಚಿತ್ತಾರವನ್ನು ನೀವು ನೋಡಿರಬಹುದು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ ಬಣ್ಣ, ಪುಂಡಿ ನಾರಿನ ಕುಂಚ. ಗೆರೆ, ತ್ರಿಕೋನ, ಚೌಕ, ಮತ್ತೆ ಗೆರೆ. ಅಡಿಪಟ್ಟಿ ಇಲ್ಲ, ಅಳತೆ ಇಲ್ಲ. ಎಡಗಡೆ ಬರೆದದ್ದು ಬಲಗಡೆಗೆ ಹಾಗೆಯೇ ತಿರುಗಿ ಬರಬೇಕು. ಒಂದೆಳೆ ತಪ್ಪಿದರೆ ನೆರೆದ ಹೆಂಗಸರು ಅಲ್ಲೇ ಹೇಳಿಬಿಡುತ್ತಾರೆ.

"ಇದೇನು ಮಾರಾಯಾ, ಇಲ್ಲಿ ಮೂಲೆ ಖಾಲಿ ಬಿಟ್ಟಿದಾರೆ?"

"ಅಲ್ಲಿಗೆ ಯಾವುದು ಬರತ್ತೆ ಅಂತ ಕೆಳಗಿನ ನಾಲ್ಕರಲ್ಲಿ ಹುಡುಕಬೇಕು ಅಜ್ಜಿ."

ಅವಳು ಬೆರಳಿಟ್ಟಳು. ಸರಿ. ಮುಂದಿನದಕ್ಕೂ ಇಟ್ಟಳು, ಅದೂ ಸರಿ. ಕಾಗದ ಮಡಿಚುವ ಪ್ರಶ್ನೆಯಲ್ಲಿ ಮಾತ್ರ, "ಇದನ್ನ ದರ್ಜಿಗೆ ಕೇಳು" ಅಂತ ಎದ್ದುಹೋದಳು. ಆಮೇಲೆ ಅನ್ನ ಬಡಿಸುವಾಗ ಅವಳು ಕೇಳಿದ ಪ್ರಶ್ನೆ ಇನ್ನೂ ನನ್ನ ಕಿವಿಯಲ್ಲಿದೆ: "ಇಷ್ಟಕ್ಕೆಲ್ಲಾ ಗೌರ್ಮೆಂಟಿನೋರು ಊಟ, ಬಟ್ಟೆ ಕೊಟ್ಟು ಓದಿಸ್ತಾರಾ?"

ಓದಿಸುತ್ತಾರೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಹೊತ್ತಿನ ಯೋಜನೆ ಇದು. ಮೊದಲೆರಡು ಶಾಲೆಗಳು 1985–86ರಲ್ಲಿ ಹರಿಯಾಣದ ಝಜ್ಜರ್, ಮಹಾರಾಷ್ಟ್ರದ ಅಮರಾವತಿಯಲ್ಲಿ ಶುರುವಾದವು. ಸೀಟುಗಳಲ್ಲಿ ನೂರಕ್ಕೆ ಕನಿಷ್ಠ 75 ಹಳ್ಳಿ ಮಕ್ಕಳಿಗೆ, ಮೂರರಲ್ಲಿ ಒಂದು ಪಾಲು ಹೆಣ್ಣುಮಕ್ಕಳಿಗೆ. ಹಳ್ಳಿಯ ಮಗುವನ್ನು ಹುಡುಕಿ ತೆಗೆಯಬೇಕೆಂದ ಮೇಲೆ ಪಠ್ಯದ ಪ್ರಶ್ನೆಯನ್ನೇ ಕೇಳಿದರೆ ಒಳ್ಳೆಯ ಶಾಲೆಯಿರುವ ಪೇಟೆಯವರೇ ಮುಂದೆ ಬರುತ್ತಾರೆ. ಶಾಲೆ ಕಲಿಸದ್ದನ್ನು ಕೇಳಿದರೆ ಎಲ್ಲರೂ ಒಂದೇ ಗೆರೆಯ ಮೇಲೆ ನಿಂತಂತಾಗುತ್ತದೆ. ಚಿತ್ರಗಳಿಗೆ ಅರ್ಧ ಅಂಕ ಕೊಟ್ಟದ್ದರ ಹಿಂದಿನ ಲೆಕ್ಕ ಇದು ಎಂದು ನಾನು ತಿಳಿದಿದ್ದೇನೆ.

ಈ ಬಗೆಯ ಪರೀಕ್ಷೆಯ ಮೂಲಪುರುಷ ಪ್ಯಾರಿಸ್‌ನ ಆಲ್ಫ್ರೆಡ್ ಬಿನೆ. 1905ರಲ್ಲಿ ಅವನೂ ಸಿಮೋನ್ ಎಂಬ ವೈದ್ಯನೂ ಸೇರಿ ಪ್ರಶ್ನೆಗಳ ಒಂದು ಮಾಲೆ ಮಾಡಿದರು. ಉದ್ದೇಶ ಜಾಣರನ್ನು ಆರಿಸುವುದಾಗಿರಲಿಲ್ಲ. ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳು ಯಾರು ಎಂದು ತಿಳಿದು ಅವರಿಗೆ ಬೇರೆ ಪಾಠದ ವ್ಯವಸ್ಥೆ ಮಾಡುವುದಾಗಿತ್ತು. ಬಿನೆ 1911ರಲ್ಲಿ ತೀರಿಕೊಂಡ. 1917ರ ಹೊತ್ತಿಗೆ ಅಮೆರಿಕದ ಸೈನ್ಯ ಇಂಥ ಪರೀಕ್ಷೆಯನ್ನು ಸಿಪಾಯಿಗಳನ್ನು ವಿಂಗಡಿಸಲು ಬಳಸಿತು. 1944ರ ಶಿಕ್ಷಣ ಕಾಯ್ದೆಯ ನಂತರ ಇಂಗ್ಲೆಂಡಿನಲ್ಲಿ ಹನ್ನೊಂದು ವರ್ಷದ ಮಕ್ಕಳು ಯಾವ ಬಗೆಯ ಹೈಸ್ಕೂಲಿಗೆ ಹೋಗಬೇಕೆಂಬುದನ್ನೂ ಇದೇ ಜಾತಿಯ ಪರೀಕ್ಷೆ ತೀರ್ಮಾನಿಸತೊಡಗಿತು. ಹಿಂದುಳಿದವರನ್ನು ಕೈಹಿಡಿಯಲು ಹುಟ್ಟಿದ್ದು ಮುಂದಿರುವವರನ್ನು ಬೇರೆ ಮಾಡುವ ಜರಡಿಯಾಯಿತು.

ನಮ್ಮ ಭಾಷೆಗೆ ಅದು ಬಂದದ್ದು ಧಾರವಾಡದ ದಾರಿಯಿಂದ. ವಿ.ವಿ. ಕಾಮತ್ ಎಂಬ ವಿದ್ವಾಂಸರು ಬಿನೆಯ ಮಾಲೆಯನ್ನು 1930ರ ದಶಕದಲ್ಲಿ ಕನ್ನಡ, ಮರಾಠಿ ಮಕ್ಕಳಿಗೆ ಹೊಂದುವಂತೆ ತಿದ್ದಿದರು. ಭಾರತೀಯ ಮಕ್ಕಳ ಬುದ್ಧಿಯನ್ನು ಅಳೆಯುವ ಬಗ್ಗೆ ಅವರು ಬರೆದ ಇಂಗ್ಲಿಷ್ ಪುಸ್ತಕ 1940ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದಿಂದ ಬಂತು. ನಮ್ಮಲ್ಲಿ ಎಲ್.ಎಸ್. (ಲೋಯರ್ ಸೆಕೆಂಡರಿ) ಪಾಸಾದವರು ಮೇಷ್ಟ್ರಾಗುತ್ತಿದ್ದ, ಮಗ್ಗಿ ತಪ್ಪಿದವರಿಗೆ ಬೆತ್ತ ಬೀಳುತ್ತಿದ್ದ ಕಾಲ ಅದು. ಆ ಕಾಲದಲ್ಲಿ ಧಾರವಾಡದಲ್ಲಿ ಒಬ್ಬರು ಕೂತು ಕನ್ನಡದ ಮಗು ಯೋಚಿಸುವುದು ಹೇಗೆ ಎಂದು ಮಗುವನ್ನೇ ಕೇಳುತ್ತಿದ್ದರು ಎಂಬುದು ನನಗೆ ಭಾರಿ ಇಷ್ಟವಾದ ಸಂಗತಿ.

ಶಾಲೆಯಲ್ಲಿ ಕಲಿತು ಬರಲಾಗದ ಪರೀಕ್ಷೆ ಎಂದು ಮಾಡಿದ್ದನ್ನು ನಾವು ಮಾತ್ರ ಸುಮ್ಮನೆ ಬಿಡಲಿಲ್ಲ. ಈಗ ಪೇಟೆಗಳಲ್ಲಿ ನವೋದಯ ಕೋಚಿಂಗ್ ಇದೆ. ಹಾಸ್ಟೆಲ್ ಶಾಲೆ ಸೇರುವ ಪರೀಕ್ಷೆಗೆ ಓದಲು ಒಂಬತ್ತು ವರ್ಷದ ಮಗುವನ್ನು ಮೊದಲೇ ಇನ್ನೊಂದು ಹಾಸ್ಟೆಲ್‌ಗೆ ಹಾಕುವವರಿದ್ದಾರೆ. ಕನ್ನಡಿ ಬಿಂಬಕ್ಕೆ ಸೂತ್ರ, ಕಾಗದ ಮಡಿಚುವುದಕ್ಕೆ ಸೂತ್ರ, ಓ.ಎಂ.ಆರ್. ಶೀಟಿನ ಗುಂಡಿ ತುಂಬುವುದಕ್ಕೂ ಅಭ್ಯಾಸ. ತಮ್ಮನ ಮಗಳಿಗೆ ಸಹಪಾಠಿಯೊಬ್ಬ ಹೇಳಿಕೊಟ್ಟಿದ್ದಾನಂತೆ: ಚಿತ್ರ ನೋಡಬೇಡ, ಆಪ್ಷನ್ ನೋಡು. ನೋಡುವುದನ್ನು ಪರೀಕ್ಷಿಸುವ ಪ್ರಶ್ನೆಗೆ ನೋಡದೆ ಉತ್ತರಿಸುವ ಉಪಾಯ! ಮಕ್ಕಳನ್ನು ಬೈಯಲಾರೆ. ಅದೇ ಚಳಿಗಾಲದ ಆಸುಪಾಸಿನಲ್ಲಿ ಅವರಿಗೆ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಯ ಓದೂ ಇರುತ್ತದೆ.

ಓದಿಗಾಗಿ ಊರು ಬಿಡುವುದು ನಮ್ಮ ಸೀಮೆಗೆ ಹೊಸದೇನಲ್ಲ. ಶಿರಾಳಕೊಪ್ಪದ ಹತ್ತಿರದ ತಾಳಗುಂದದ ಕಂಬದ ಶಾಸನ ಹೇಳುವ ಕತೆಯೇ ಅದು. ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಪಲ್ಲವರ ಕಂಚಿಯ ಘಟಿಕೆಗೆ ಓದಲು ಹೊರಟ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಯಿತು. ದರ್ಭೆ ಹಿಡಿದ ಕೈ ಕತ್ತಿ ಹಿಡಿಯಿತು, ಕದಂಬ ರಾಜ್ಯ ಹುಟ್ಟಿತು. ಓದು ಅರ್ಧಕ್ಕೆ ಬಿಟ್ಟವರಲ್ಲಿ ಇಷ್ಟು ಚೆನ್ನಾಗಿ ಬದುಕು ಕಟ್ಟಿಕೊಂಡವರು ನಮ್ಮ ತಾಲ್ಲೂಕಿನಲ್ಲಿ ಮತ್ತೆ ಕಾಣಲಿಲ್ಲ ಎಂದು ನಮ್ಮ ಮೇಷ್ಟ್ರು ನಗುತ್ತಿದ್ದರು.

ನಾನು ಬರೆದ ನವೋದಯ ಪರೀಕ್ಷೆಯ ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಎರಡನೇ ಸಲ ಬರೆಯುವ ಹಾಗಿಲ್ಲ. ಊರ ಹೈಸ್ಕೂಲಿನಲ್ಲಿ ಓದಿದೆ, ತೊಂದರೆಯೇನೂ ಆಗಲಿಲ್ಲ. ನಮ್ಮ ಓಣಿಯಿಂದ ಆಯ್ಕೆಯಾದ ಒಬ್ಬ ಹುಡುಗಿಯನ್ನು ಅವಳ ಅಮ್ಮ ಗಾಜನೂರಿಗೆ ಕಳಿಸಲು ಒಪ್ಪದೆ ವಾರಗಟ್ಟಲೆ ಅತ್ತರು, ಕೊನೆಗೆ ಕಳಿಸಿದರು. ಒಂಬತ್ತನೇ ಕ್ಲಾಸಿನಲ್ಲಿ ಒಂದಷ್ಟು ಮಕ್ಕಳನ್ನು ಒಂದು ವರ್ಷ ಹಿಂದಿ ಸೀಮೆಯ ನವೋದಯಕ್ಕೆ ಕಳಿಸುವ ಪದ್ಧತಿಯಿದೆ, ಅವಳು ಅದಕ್ಕೂ ಹೋಗಿ ಬಂದಳು. ಅಂಬ್ಲಿಗೊಳದ ನಾಲೆಯಾಚೆ ದಾಟದ ಮನೆತನಕ್ಕೆ ಅದು ದೊಡ್ಡ ದಾರಿ.

ತಮ್ಮನ ಮಗಳಿಗೆ ಸೀಟು ಸಿಕ್ಕರೆ ಸಂತೋಷ. ಸಿಗದಿದ್ದರೂ ಅವಳಿಗೆ ಓದಿಸುವ ಅಪ್ಪನಿದ್ದಾನೆ, ಗೈಡಿದೆ, ತಲೆ ತಿನ್ನಲು ದೊಡ್ಡಪ್ಪನಿದ್ದಾನೆ. ನನ್ನ ಕೇಳಿಕೆ ಬೇರೆ. ನಿಮ್ಮ ಅಡಿಕೆ ಸುಲಿಯಲು, ಶುಂಠಿ ಕೀಳಲು ಬರುವವರ ಮಗು ಐದನೇ ಕ್ಲಾಸಿನಲ್ಲಿದೆಯೇ ಎಂದು ಒಮ್ಮೆ ವಿಚಾರಿಸಿ. ಇದ್ದರೆ ಹೆಡ್‌ಮಾಸ್ಟರ ಸಹಿ ಮಾಡಿಸಿ, ಕೊನೆಯ ದಿನದೊಳಗೆ ಅರ್ಜಿ ತುಂಬಿಸಿ. ಒಂದು ಕತ್ತರಿ, ಒಂದಿಷ್ಟು ಹಳೇ ಕಾಗದ, ಚೂರು ಕನ್ನಡಿ ಕೊಟ್ಟು ಭಾನುವಾರ ಜೊತೆಗೆ ಕೂರಿ. ಅರ್ಜಿಗೆ ಶುಲ್ಕವಿಲ್ಲ.